ಏಪ್ರಿಲ್ 13: ಅಂಕೋಲೆಯವರು ಆರಿಸಿಕೊಂಡ ದಿನ

ನಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಪಂಚಾಂಗ, ಸುಭಾಷಿತ, ಮುಖ್ಯ ವಾರ್ತೆಗಳು ಮುಗಿದ ಮೇಲೆ ‘ದಿನದ ವಿಶೇಷ’ವನ್ನು ಓದುವ ರೂಢಿಯಿದೆ. ಸಮಾಜ ವಿಜ್ಞಾನ ಕಲಿಸುವವಳು ನಾನಾದ್ದರಿಂದ, ಆ ದಿನ ಇತಿಹಾಸದಲ್ಲಿ ಏನು ನಡೆದಿತ್ತೆಂಬುದನ್ನು ಹುಡುಕಿ ಜಗಲಿಯ ಕಪ್ಪು ಹಲಗೆಯ ಮೇಲೆ ಬರೆದಿಡುವ ಕೆಲಸ ಹದಿನೇಳು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಅದಕ್ಕಾಗಿ ನಾನೊಂದು ದಪ್ಪ ನೋಟುಪುಸ್ತಕ ಇಟ್ಟುಕೊಂಡಿದ್ದೇನೆ. ವರ್ಷದ ಪ್ರತಿ ದಿನಕ್ಕೆ ಒಂದು ಪುಟ. ಪತ್ರಿಕೆಯಲ್ಲೋ ಪುಸ್ತಕದಲ್ಲೋ ಕಂಡದ್ದನ್ನೆಲ್ಲ ಆಯಾ ಪುಟಕ್ಕೆ ಸೇರಿಸುತ್ತ ಬಂದು, ಈಗ ಕೆಲವು ಪುಟಗಳಲ್ಲಿ ಅಂಚಿನಲ್ಲಿಯೂ ಬರೆಯಲು ಜಾಗವಿಲ್ಲ.

ಒಂದು ವರ್ಷ ಏಪ್ರಿಲ್ 6ರಂದು ಹಲಗೆಯ ಮೇಲೆ ಎರಡು ಸಾಲು ಬರೆದಿದ್ದೆ. 1919ರ ಈ ದಿನ ರೌಲತ್ ಕಾಯ್ದೆಯನ್ನು ವಿರೋಧಿಸಿ ದೇಶದಾದ್ಯಂತ ಹರತಾಳ ನಡೆಯಿತು ಎಂಬುದು ಒಂದು. 1930ರ ಈ ದಿನ ದಾಂಡಿಯಲ್ಲಿ ಗಾಂಧೀಜಿಯವರು ಉಪ್ಪಿನ ಕಾನೂನನ್ನು ಮುರಿದರು ಎಂಬುದು ಇನ್ನೊಂದು. ಪರೀಕ್ಷೆಗಳು ಮುಗಿದು ಮಕ್ಕಳೆಲ್ಲ ರಜೆಯ ಗುಂಗಿನಲ್ಲಿದ್ದ ದಿನಗಳವು. ಪ್ರಾರ್ಥನೆ ಮುಗಿದು ಸಾಲುಗಳು ಕರಗಿದ ಮೇಲೂ ಎಂಟನೆಯ ತರಗತಿಯ ಒಬ್ಬ ಹುಡುಗಿ ಹಲಗೆಯ ಮುಂದೆಯೇ ನಿಂತಿದ್ದಳು. ನಾನು ಹತ್ತಿರ ಹೋದಾಗ ಕೇಳಿದಳು: “ಅಕ್ಕೋರೆ, ಎರಡೂ ಏಪ್ರಿಲ್ ಆರಕ್ಕೇ ಹೆಂಗೆ ಬಂತು? ಸುಮ್ನೆ ಬಂತಾ, ಇಲ್ಲ ಬೇಕಂತ್ಲೇ ಮಾಡಿದ್ರಾ?”

ಹದಿನೇಳು ವರ್ಷಗಳಲ್ಲಿ ನನ್ನ ನೋಟುಪುಸ್ತಕಕ್ಕೆ ನಾನೇ ಆ ಪ್ರಶ್ನೆಯನ್ನು ಕೇಳಿರಲಿಲ್ಲ. ಒಂದೇ ತಾರೀಖಿನ ಕೆಳಗೆ ಎರಡು ಘಟನೆಗಳನ್ನು ಬರೆದ ಕೂಡಲೇ ಅವುಗಳ ನಡುವೆ ಏನೋ ನಂಟಿದೆಯೆಂದು ಓದುವವರಿಗೆ ತೋರುತ್ತದೆ, ಆದರೆ ಆ ನಂಟು ಅಲ್ಲಿ ನಿಜವಾಗಿಯೂ ಇದೆಯೇ ಎಂದು ಬರೆದವಳು ನೋಡಿರಬೇಕು. ನಾನು ನೋಡಿರಲಿಲ್ಲ. ಆ ಬೇಸಿಗೆ ರಜೆಯಲ್ಲಿ ನೋಟುಪುಸ್ತಕವನ್ನು ಮೊದಲಿನಿಂದ ತೆರೆದು, ಜೋಡಿಯಾಗಿ ಬಂದ ಘಟನೆಗಳ ಪಕ್ಕದಲ್ಲಿ ಪೆನ್ಸಿಲಿನಿಂದ ‘ಸು’ ಅಥವಾ ‘ಬೇ’ ಎಂದು ಗುರುತು ಹಾಕತೊಡಗಿದೆ. ಸುಮ್ಮನೆ ಬಂದದ್ದು, ಬೇಕಂತಲೇ ಮಾಡಿದ್ದು. ಆ ಗುರುತು ಹಾಕುವಾಗ ಕಂಡುಕೊಂಡದ್ದನ್ನು, ಮುಖ್ಯವಾಗಿ ಉತ್ತರ ಕನ್ನಡ ಜಿಲ್ಲೆಯ ನಮ್ಮ ಅಂಕೋಲೆಗೆ ಸಂಬಂಧಿಸಿದ್ದನ್ನು, ಇಲ್ಲಿ ಬರೆಯುತ್ತಿದ್ದೇನೆ.

ಹುಡುಗಿಯ ಪ್ರಶ್ನೆಗೆ ಉತ್ತರ ಮೊದಲು ಹೇಳುತ್ತೇನೆ. ಅದು ಬೇಕಂತಲೇ ಮಾಡಿದ್ದು. 1919ರ ಹರತಾಳವನ್ನು ಮೊದಲು ಮಾರ್ಚ್ 30ಕ್ಕೆ ಎಂದು ನಿಶ್ಚಯಿಸಿ, ಆಮೇಲೆ ಏಪ್ರಿಲ್ 6ಕ್ಕೆ ಮುಂದೂಡಲಾಗಿತ್ತು. ಮುಂದೂಡಿದ ಸುದ್ದಿ ಸಕಾಲದಲ್ಲಿ ಮುಟ್ಟದ ದೆಹಲಿಯಲ್ಲಿ ಮಾರ್ಚ್ 30ರಂದೇ ಹರತಾಳ ನಡೆದು ಗೋಲಿಬಾರ್ ಕೂಡ ಆಯಿತು. ಹೀಗೆ ನಿಂತ ಏಪ್ರಿಲ್ 6 ದೇಶವೆಲ್ಲ ಒಟ್ಟಾಗಿ ಅಂಗಡಿ ಮುಚ್ಚಿ ಉಪವಾಸವಿದ್ದ ದಿನವೆಂದು ಜನರ ನೆನಪಿನಲ್ಲಿ ಉಳಿಯಿತು. ಹನ್ನೊಂದು ವರ್ಷಗಳ ಬಳಿಕ ಗಾಂಧೀಜಿಯವರು 1930ರ ಮಾರ್ಚ್ 12ರಂದು 78 ಸಂಗಡಿಗರೊಂದಿಗೆ ಸಾಬರಮತಿ ಆಶ್ರಮದಿಂದ ಹೊರಟು, ಸುಮಾರು 385 ಕಿಲೋಮೀಟರ್ ನಡೆದು, ಏಪ್ರಿಲ್ 5ರಂದೇ ದಾಂಡಿಯನ್ನು ತಲುಪಿದರು. ಸಮುದ್ರ ಎದುರಿಗಿತ್ತು. ಆದರೂ ಆ ಸಂಜೆ ಅವರು ಉಪ್ಪನ್ನು ಮುಟ್ಟಲಿಲ್ಲ. ರಾತ್ರಿ ಕಳೆದು ಏಪ್ರಿಲ್ 6ರ ಬೆಳಗಾಗುವವರೆಗೆ ಕಾದು, ಸಮುದ್ರಸ್ನಾನ ಮಾಡಿ, ಆಮೇಲೆಯೇ ದಂಡೆಯ ಉಪ್ಪನ್ನು ಎತ್ತಿಕೊಂಡರು. ಆ ಒಂದು ರಾತ್ರಿಯ ಕಾಯುವಿಕೆಯ ಬಗ್ಗೆ ಮಕ್ಕಳಿಗೆ ಹೇಳುವಾಗ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಆ ಸಂಗಡಿಗರಲ್ಲಿ ನಮ್ಮ ಕನ್ನಡದವರೂ ಒಬ್ಬರಿದ್ದರು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಮುಂದೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು.

ಏಪ್ರಿಲ್ 6ರಿಂದ ಏಪ್ರಿಲ್ 13ರವರೆಗಿನ ಎಂಟು ದಿನಗಳನ್ನು ಕಾಂಗ್ರೆಸ್ಸಿನವರು 1920ರಿಂದ ‘ರಾಷ್ಟ್ರೀಯ ಸಪ್ತಾಹ’ ಎಂದು ಆಚರಿಸುತ್ತಿದ್ದರು. ಸಪ್ತಾಹ ಹರತಾಳದ ನೆನಪಿನಿಂದ ಆರಂಭವಾಗಿ ಅಮೃತಸರದ ನೆನಪಿನಿಂದ ಮುಗಿಯುತ್ತಿತ್ತು. 1919ರ ಏಪ್ರಿಲ್ 13 ಭಾನುವಾರ, ಬೈಸಾಖಿ ಹಬ್ಬದ ದಿನ. ಡಾ. ಸತ್ಯಪಾಲ್ ಮತ್ತು ಡಾ. ಸೈಫುದ್ದೀನ್ ಕಿಚ್ಲೂ ಅವರ ಬಂಧನವನ್ನು ಖಂಡಿಸಲು ಸೇರಿದವರು, ಜೊತೆಗೆ ಹಬ್ಬಕ್ಕೆಂದು ಹಳ್ಳಿಗಳಿಂದ ಬಂದು ಪಟ್ಟಣದಲ್ಲಿ ಏನು ನಡೆಯುತ್ತಿದೆಯೆಂದೂ ಅರಿಯದೆ ವಿಶ್ರಮಿಸುತ್ತಿದ್ದವರು ಜಲಿಯನ್‌ವಾಲಾ ಬಾಗಿನಲ್ಲಿದ್ದರು. ಸುತ್ತಲೂ ಮನೆಗಳ ಗೋಡೆ, ಒಳಬರುವ ದಾರಿ ಇಕ್ಕಟ್ಟು. ಜನರಲ್ ಡೈಯರ್ ಸೈನಿಕರನ್ನು ನಿಲ್ಲಿಸಿ, ಎಚ್ಚರಿಕೆಯನ್ನೂ ಕೊಡದೆ, ಸುಮಾರು ಹತ್ತು ನಿಮಿಷ ಗುಂಡು ಹಾರಿಸಿದನು. ಒಟ್ಟು 1650 ಗುಂಡುಗಳು. ಸರಕಾರದ ಲೆಕ್ಕದಲ್ಲಿ ಸತ್ತವರು 379 ಮಂದಿ; ಕಾಂಗ್ರೆಸ್ಸಿನ ವಿಚಾರಣೆಯ ಅಂದಾಜು ಸುಮಾರು ಸಾವಿರ.

ಈ ಸುದ್ದಿ ಪಂಜಾಬಿನ ಗಡಿ ದಾಟದಂತೆ ಸರಕಾರ ಕಟ್ಟುನಿಟ್ಟು ಮಾಡಿತ್ತಾದರೂ ವಾರಗಳು ಕಳೆದಂತೆ ಅದು ದೇಶವನ್ನೆಲ್ಲ ಮುಟ್ಟಿತು. ಮೇ ತಿಂಗಳ ಕೊನೆಯಲ್ಲಿ ರವೀಂದ್ರನಾಥ ಠಾಕೂರರು ತಮ್ಮ ‘ಸರ್’ ಪದವಿಯನ್ನು ತ್ಯಜಿಸಿ ವೈಸ್‌ರಾಯ್ ಚೆಮ್ಸ್‌ಫರ್ಡ್‌ಗೆ ಪತ್ರ ಬರೆದರು. ಅವರ ಹೆಸರನ್ನು ಹೊತ್ತ ಕಡಲತೀರ ಕಾರವಾರದಲ್ಲಿದೆ. ಇಪ್ಪತ್ತೆರಡರ ಪ್ರಾಯದಲ್ಲಿ ಅವರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಉಳಿದಿದ್ದರು, ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಇಲ್ಲಿಯೇ ಬರೆದರು. ಸಂಜೆಯ ಹೊತ್ತು ಆ ತೀರದಲ್ಲಿ ಅಡ್ಡಾಡುವವರಲ್ಲಿ ಎಷ್ಟು ಜನ ಆ ಪತ್ರವನ್ನು ನೆನೆಯುತ್ತಾರೋ. ನಾನಂತೂ ಏಪ್ರಿಲ್ ತಿಂಗಳಲ್ಲಿ ಅಲ್ಲಿಗೆ ಹೋದಾಗಲೆಲ್ಲ ನೆನೆಯುತ್ತೇನೆ.

ಇನ್ನು ಅಂಕೋಲೆಯ ಮಾತು. 1930ರಲ್ಲಿ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳಲ್ಲಿ ಕಾಂಗ್ರೆಸ್ಸಿನ ಕಾರ್ಯಕರ್ತರಿದ್ದರು, ಆದರೆ ಸಮುದ್ರವಿರಲಿಲ್ಲ. ಮೈಸೂರು ಸಂಸ್ಥಾನಕ್ಕೂ ಕಡಲಿರಲಿಲ್ಲ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಸಮುದ್ರವೂ, ಅಳಿವೆಯೂ, ಉಬ್ಬರದ ನೀರು ನುಗ್ಗುವ ಗಜನಿಯೂ ಇದ್ದ ಜಿಲ್ಲೆ ನಮ್ಮದೊಂದೇ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಾಗರಗಳಲ್ಲಿ ಉಪ್ಪು ಬೆಳೆಯುವುದನ್ನು ಕಂಡು ಬೆಳೆದ ಜನರಿಗೆ, ಬಿಸಿಲು ಮತ್ತು ಸಮುದ್ರ ಪುಕ್ಕಟೆಯಾಗಿ ಕೊಡುವ ವಸ್ತುವಿನ ಮೇಲೆ ಸರಕಾರದ ಏಕಸ್ವಾಮ್ಯವೆಂದರೆ ಏನೆಂಬುದನ್ನು ಭಾಷಣದಿಂದ ತಿಳಿಸಬೇಕಾಗಿರಲಿಲ್ಲ. ಉಪ್ಪು ಕಟ್ಟುವುದು ಮಳೆ ಬೀಳುವ ಮೊದಲಿನ ಬೇಸಿಗೆಯ ತಿಂಗಳುಗಳಲ್ಲಿ, ಆದ್ದರಿಂದ ಏಪ್ರಿಲ್ ತಿಂಗಳು ಆ ಕೆಲಸಕ್ಕೆ ಒದಗಿ ಬಂದ ಕಾಲವೂ ಆಗಿತ್ತು. ಹೀಗೆ ಕರ್ನಾಟಕದ ಉಪ್ಪಿನ ಸತ್ಯಾಗ್ರಹಕ್ಕೆ ಅಂಕೋಲೆ ಗೊತ್ತಾಯಿತು. ಬೇರೆ ಜಿಲ್ಲೆಗಳ ಸತ್ಯಾಗ್ರಹಿಗಳು ಇಲ್ಲಿಗೆ ಬಂದರು; ಸುತ್ತಲ ಹಳ್ಳಿಗಳಿಂದ ಸಾವಿರಾರು ಜನ ಸೇರಿದರು. ಎಂ. ಪಿ. ನಾಡಕರ್ಣಿಯವರು ಆ ಜನರ ಎದುರು ಮೊದಲಿಗರಾಗಿ ಉಪ್ಪಿನ ಕಾನೂನನ್ನು ಮುರಿದರು. ಅದು ನಡೆದದ್ದು 1930ರ ಏಪ್ರಿಲ್ 13ರಂದು.

ರಾಷ್ಟ್ರೀಯ ಸಪ್ತಾಹದ ಕೊನೆಯ ದಿನ ಅದು. ಗಾಂಧೀಜಿಯವರು ಸಪ್ತಾಹದ ಮೊದಲ ದಿನ ಕಾನೂನು ಮುರಿದರು, ಅಂಕೋಲೆಯವರು ಕೊನೆಯ ದಿನ ಮುರಿದರು. ಹತ್ತು ವರ್ಷ ಸತತವಾಗಿ ಈ ಸಪ್ತಾಹವನ್ನು ಆಚರಿಸುತ್ತ ಬಂದ ಕಾರ್ಯಕರ್ತರು ತಾರೀಖು ಗೊತ್ತುಮಾಡುವಾಗ ಏಪ್ರಿಲ್ 13 ಎಂದರೆ ಏನೆಂಬುದನ್ನು ಮರೆತಿದ್ದರು ಎಂದು ನಾನು ನಂಬಲಾರೆ. ಒಂದು ವಿಷಯವನ್ನು ಲೆಕ್ಕ ಹಾಕಿ ನೋಡಿ ತಿಳಿದುಕೊಂಡೆ. 1930ರ ಏಪ್ರಿಲ್ 13 ಕೂಡ ಭಾನುವಾರವೇ. ಅಮೃತಸರದ ಭಾನುವಾರದಿಂದ ಹನ್ನೊಂದು ವರ್ಷಕ್ಕೆ ಸರಿಯಾಗಿ ಅದೇ ವಾರ, ಅದೇ ತಾರೀಖು ಮರಳಿ ಬಂದಿದ್ದವು. ಅಂದು ನಿರಾಯುಧರಾಗಿ ಒಂದೆಡೆ ಸೇರಿದ್ದಕ್ಕೆ ಜನರು ಗುಂಡು ತಿಂದಿದ್ದರು; ಇಂದು, ಅದೇ ಸರಕಾರದ ಕಣ್ಣೆದುರಿಗೆ, ಅದೇ ದಿನ, ಇನ್ನೊಂದು ಊರಿನ ಜನರು ನಿರಾಯುಧರಾಗಿಯೇ ಮತ್ತೆ ಒಂದೆಡೆ ಸೇರಿದರು. ಅಂಕೋಲೆಯ ಸತ್ಯಾಗ್ರಹವನ್ನು ಕೇವಲ ಉಪ್ಪಿನ ಕಥೆಯಾಗಿ ಹೇಳಿದರೆ ಈ ಧೈರ್ಯ ಕಾಣುವುದಿಲ್ಲ. ತಾರೀಖನ್ನು ಸೇರಿಸಿ ಹೇಳಿದರೆ ಮಾತ್ರ ಕಾಣುತ್ತದೆ.

ಪಂಚಾಂಗದ ಲೆಕ್ಕದಲ್ಲಿ ಆ ದಿನ ಚೈತ್ರದ ಹುಣ್ಣಿಮೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಉಬ್ಬರ ಹೆಚ್ಚೆಂಬುದು ಕರಾವಳಿಯ ಮಕ್ಕಳಿಗೂ ಗೊತ್ತು. ಅಳಿವೆಯ ಒಳಗೆ ಎಂದಿಗಿಂತ ಹೆಚ್ಚು ದೂರ ಉಪ್ಪುನೀರು ಏರಿರುತ್ತದೆ. ಹುಣ್ಣಿಮೆಯನ್ನು ನೋಡಿ ದಿನ ಆರಿಸಿದರೆಂದು ನಾನು ಹೇಳುವುದಿಲ್ಲ. ಅದು ಒದಗಿ ಬಂದದ್ದು. ನನ್ನ ಪುಟದಲ್ಲಿ ಅದಕ್ಕೆ ‘ಸು’ ಎಂದೇ ಗುರುತು ಹಾಕಿದ್ದೇನೆ.

ಆ ಪುಟದಲ್ಲಿದ್ದ ಉಳಿದ ಸಾಲುಗಳಿಗೂ ಅದೇ ಪ್ರಶ್ನೆಯನ್ನು ಕೇಳಿದೆ. 1984ರ ಏಪ್ರಿಲ್ 13ರಂದು ಭಾರತೀಯ ಸೇನೆ ಸಿಯಾಚಿನ್ ಹಿಮನದಿಯ ಮೇಲಿನ ಕಣಿವೆಗಳನ್ನು ವಶಪಡಿಸಿಕೊಳ್ಳಲು ‘ಮೇಘದೂತ’ ಕಾರ್ಯಾಚರಣೆಯನ್ನು ಆರಂಭಿಸಿತು. ಬೈಸಾಖಿಯ ದಿನ ಇಂಥದೊಂದು ಚಲನೆ ಇರದೆಂದು ಎದುರಾಳಿ ತಿಳಿದಿರುವನೆಂಬ ಎಣಿಕೆಯಿಂದಲೇ ಆ ದಿನವನ್ನು ಆರಿಸಲಾಯಿತು ಎನ್ನಲಾಗುತ್ತದೆ. ಅಂದಮೇಲೆ ಅದಕ್ಕೂ 1919ಕ್ಕೂ ಇರುವುದು ನೇರ ನಂಟಲ್ಲ. ಒಂದೇ ಹಬ್ಬ ಎರಡಕ್ಕೂ ಬೇರೆ ಬೇರೆ ಕಾರಣಕ್ಕೆ ಬೇಕಾಯಿತು. ಇನ್ನೊಂದು ಸಾಲಿನಲ್ಲಿ ‘1970: ಅಪೊಲೊ 13ರ ಆಮ್ಲಜನಕದ ಟ್ಯಾಂಕ್ ಸ್ಫೋಟ’ ಎಂದು ಬರೆದಿದ್ದೆ. ಹದಿಮೂರನೆಯ ನೌಕೆಗೆ ಹದಿಮೂರನೆಯ ತಾರೀಖಿನಂದೇ ಅಪಘಾತವಾಯಿತೆಂದು ಜನ ಬೆರಗಿನಿಂದ ಹೇಳುವ ಸಂಗತಿ ಇದು. ಆದರೆ ಹ್ಯೂಸ್ಟನ್ನಿನ ಗಡಿಯಾರದಲ್ಲಿ ಆಗ 13ರ ರಾತ್ರಿ 9 ಗಂಟೆ 8 ನಿಮಿಷವಾಗಿದ್ದರೆ, ಕಾರವಾರದಲ್ಲಿ 14ರ ಬೆಳಗಿನ ಎಂಟೂವರೆ ದಾಟಿತ್ತು. ನಮ್ಮ ಊರಿನಲ್ಲಿ ಮಕ್ಕಳು ಬೆಳಗಿನ ಗಂಜಿ ಉಣ್ಣುತ್ತಿದ್ದ ಹೊತ್ತಿನ ಆ ಘಟನೆಯನ್ನು ನಾನು ಅಮೃತಸರದ ಪಕ್ಕದಲ್ಲಿ ಬರೆದಿದ್ದೆ.

ಅಪೊಲೊದ ವ್ಯತ್ಯಾಸ ಕೆಲವು ಗಂಟೆಗಳದ್ದು. ಇದಕ್ಕಿಂತ ದೊಡ್ಡ ತಪ್ಪನ್ನು ಹಿಂದೊಮ್ಮೆ ಮಾಡಿದ್ದೆ. ಜನವರಿ 23ರಂದು, 1565ರಲ್ಲಿ ತಾಳಿಕೋಟೆಯ ಯುದ್ಧ ನಡೆದದ್ದೂ 1897ರಲ್ಲಿ ಸುಭಾಷಚಂದ್ರ ಬೋಸರು ಹುಟ್ಟಿದ್ದೂ ಒಂದೇ ದಿನವೆಂದು ಹಲಗೆಯ ಮೇಲೆ ಬರೆದು, ‘ಒಂದು ಸಾಮ್ರಾಜ್ಯ ಮುಳುಗಿದ ದಿನವೇ ಒಬ್ಬ ವೀರನ ಉದಯ’ ಎಂಬ ಸಾಲನ್ನೂ ಸೇರಿಸಿದ್ದೆ. ಆಗ ನಮ್ಮಲ್ಲಿದ್ದ ಗಣಿತದ ಮಾಸ್ತರರು ಮಕ್ಕಳೆದುರು ಏನೂ ಹೇಳದೆ, ಮಧ್ಯಾಹ್ನ ನನ್ನನ್ನು ಕರೆದು, “ಅಕ್ಕೋರೆ, 1582ಕ್ಕಿಂತ ಮೊದಲಿನ ತಾರೀಖು ಹಳೆಯ ಜೂಲಿಯನ್ ಲೆಕ್ಕದ್ದು. ಈಗಿನ ಲೆಕ್ಕದಲ್ಲಿ ಅದು ಫೆಬ್ರವರಿ 2 ಆಗ್ತದೆ” ಎಂದರು. ಪೋಪ್ ಹದಿಮೂರನೆಯ ಗ್ರೆಗರಿ ಕ್ಯಾಲೆಂಡರನ್ನು ತಿದ್ದಿದ ವಿಷಯ ನಾನು ಓದಿದ್ದೇ ಆಗಿತ್ತು. 1582ರ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಎಂದು ಎಣಿಸಿದ್ದು ಗೊತ್ತಿತ್ತು. ಆದರೆ ಗೊತ್ತಿದ್ದದ್ದನ್ನು ತಾಳಿಕೋಟೆಗೆ ಹಚ್ಚಿ ನೋಡಿರಲಿಲ್ಲ. ರಾಮರಾಯನು ಬಿದ್ದ ದಿನ ಸೂರ್ಯನು ಆಕಾಶದಲ್ಲಿ ಎಲ್ಲಿದ್ದನೋ, ಬೋಸರು ಹುಟ್ಟಿದ ದಿನ ಅಲ್ಲಿರಲಿಲ್ಲ. ಎರಡರಲ್ಲೂ ಸಮಾನವಾಗಿದ್ದದ್ದು 23 ಎಂಬ ಅಂಕಿ ಮಾತ್ರ.

ಅದಾದ ಮೇಲೆ ಕಾರವಾರದ ಇತಿಹಾಸವನ್ನು ಓದುವಾಗ ಒಂದು ಸಂಗತಿ ನನ್ನನ್ನು ಬಹಳ ಸೆಳೆಯಿತು. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರು ಕಾರವಾರದಲ್ಲಿ ಮೆಣಸು ಮತ್ತು ಬಟ್ಟೆಯ ವ್ಯಾಪಾರಕ್ಕೆ ಕೋಠಿ ಇಟ್ಟಿದ್ದರು, ಕಾಳೀ ನದಿಯಾಚೆ ಸ್ವಲ್ಪ ದೂರದಲ್ಲಿ ಗೋವೆಯ ಪೋರ್ಚುಗೀಸರಿದ್ದರು. ಪೋರ್ಚುಗಲ್ ಹೊಸ ಕ್ಯಾಲೆಂಡರನ್ನು ಆರಂಭದಲ್ಲಿಯೇ ಒಪ್ಪಿಕೊಂಡಿತ್ತು, ಇಂಗ್ಲೆಂಡ್ 1752ರವರೆಗೂ ಒಪ್ಪಲಿಲ್ಲ. ಆದ್ದರಿಂದ ಒಂದೇ ಬೆಳಗಿನಲ್ಲಿ, ಒಂದೇ ಗಾಳಿಯಲ್ಲಿ ಹಾಯಿ ಬಿಚ್ಚಿದ ಎರಡು ಹಡಗುಗಳ ಲೆಕ್ಕದ ಪುಸ್ತಕಗಳಲ್ಲಿ ತಾರೀಖು ಹತ್ತು ದಿನಗಳಷ್ಟು ಹಿಂದುಮುಂದಾಗಿರುತ್ತಿತ್ತು, 1700ರ ನಂತರ ಹನ್ನೊಂದು ದಿನಗಳಷ್ಟು. ಕಾರವಾರದ ಕೋಠಿಯ ಕಾಗದದಲ್ಲಿ ಡಿಸೆಂಬರ್ 9 ಎಂದಿದ್ದರೆ ಗೋವೆಯಲ್ಲಿ ಅಂದು 19. ಇಂಗ್ಲೆಂಡ್ ಕೊನೆಗೂ 1752ರ ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಕರೆದು ಸರಿಪಡಿಸಿಕೊಂಡ ವರ್ಷವೇ ಪೋರ್ಚುಗೀಸರು ಕಾರವಾರದ ಬಳಿಯ ಸದಾಶಿವಗಡ ಕೋಟೆಯನ್ನು ಹಿಡಿದರು, ಇಂಗ್ಲಿಷರ ಕಾರವಾರದ ವ್ಯಾಪಾರವೂ ನಿಂತಿತು. ಎರಡು ಲೆಕ್ಕಗಳು ಒಂದಾಗುವ ಹೊತ್ತಿಗೆ ಇಲ್ಲಿ ಎರಡನೆಯವರು ಇರಲಿಲ್ಲ.

ನಮ್ಮ ಅಜ್ಜಿಗೆ ಈ ತೊಡಕುಗಳಾವುವೂ ಇರಲಿಲ್ಲ. ಅವಳು ಯಾವುದನ್ನೂ ತಾರೀಖಿನಿಂದ ಹೇಳಿದವಳಲ್ಲ. ನನ್ನ ತಂದೆ ಹುಟ್ಟಿದ್ದು ‘ಬಂಡಿಹಬ್ಬ ಕಳೆದ ಮೂರನೇ ದಿನ’ ಎಂದೇ ಅವಳ ಲೆಕ್ಕ. ಬಂಡಿಹಬ್ಬ ವೈಶಾಖದ ಹುಣ್ಣಿಮೆಗೆ ಕಟ್ಟಿದ್ದರಿಂದ ವರ್ಷವರ್ಷವೂ ತಾರೀಖು ಬದಲಾಗುತ್ತದೆ, ತಿಥಿ ಬದಲಾಗುವುದಿಲ್ಲ. ಹೀಗೆ ಒಂದು ಲೆಕ್ಕದಲ್ಲಿ ಕೂಡಿಕೊಂಡ ಎರಡು ದಿನಗಳು ಇನ್ನೊಂದು ಲೆಕ್ಕದಲ್ಲಿ ಬೇರೆಯಾಗುವುದುಂಟು. ಅದಕ್ಕೆ ನನ್ನ ಪುಸ್ತಕದಲ್ಲಿರುವ ಅತ್ಯಂತ ಸುಂದರ ಉದಾಹರಣೆ ಜನವರಿಯದು. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು. ಅಂದು ಮಕರ ಸಂಕ್ರಾಂತಿ. ಈಗ ಸಂಕ್ರಾಂತಿ 14ಕ್ಕೋ 15ಕ್ಕೋ ಬರುತ್ತದೆ. ನಕ್ಷತ್ರಗಳನ್ನು ನೋಡಿ ಎಣಿಸುವ ನಮ್ಮ ಸೌರವರ್ಷ ಇಂಗ್ಲಿಷ್ ವರ್ಷಕ್ಕಿಂತ ತುಸು ದೀರ್ಘವಾದದ್ದರಿಂದ ಅರವತ್ತು ಎಪ್ಪತ್ತು ವರ್ಷಗಳಿಗೆ ಒಂದು ದಿನದಂತೆ ಸಂಕ್ರಮಣ ಮುಂದೆ ಸರಿಯುತ್ತದೆ. ಹಬ್ಬದ ದಿನ ಹುಟ್ಟಿದ ಮಗುವಿನ ಜಯಂತಿ ಹಬ್ಬದಿಂದ ಎರಡು ಮೂರು ದಿನ ದೂರ ಬಂದು ನಿಂತಿದೆ. ಬೈಸಾಖಿಗೂ ಇದೇ ಮಾತು ಸಲ್ಲುತ್ತದೆ. ಗುರು ಗೋವಿಂದ ಸಿಂಹರು 1699ರ ಬೈಸಾಖಿಯಂದು ಖಾಲ್ಸಾ ಪಂಥವನ್ನು ಸ್ಥಾಪಿಸಿದ ದಿನ, ಕಾರವಾರದ ಇಂಗ್ಲಿಷರ ಆಗಿನ ಲೆಕ್ಕದಲ್ಲಿ ಮಾರ್ಚ್ ತಿಂಗಳು ಇನ್ನೂ ಮುಗಿದಿರಲಿಲ್ಲ.

ಬೇಕಂತಲೇ ಆರಿಸಿದ ದಿನಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಜನವರಿ 26. 1930ರಲ್ಲಿ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಸ್ವೀಕರಿಸಿದ ದಿನವನ್ನು ಉಳಿಸಿಕೊಳ್ಳಲೆಂದೇ ಸಂವಿಧಾನವನ್ನು 1950ರ ಅದೇ ದಿನ ಜಾರಿಗೆ ತರಲಾಯಿತು. ಅದನ್ನು ಮಕ್ಕಳೇ ಹೇಳುತ್ತಾರೆ.

ನವೆಂಬರ್ 1ರ ಪುಟ ಮಾತ್ರ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿತು. 1956ರ ಆ ದಿನ ಮುಂಬಯಿ ರಾಜ್ಯದಲ್ಲಿದ್ದ ನಮ್ಮ ಜಿಲ್ಲೆ, ಕಾರವಾರದಿಂದ ಶಿರಸಿ ಸಿದ್ದಾಪುರದವರೆಗೆ, ಕನ್ನಡದ ರಾಜ್ಯಕ್ಕೆ ಸೇರಿತು. 1973ರ ಅದೇ ದಿನ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು; ಇದು ಆರಿಸಿಕೊಂಡ ದಿನವೆಂಬುದು ಸ್ಪಷ್ಟ. ಆದರೆ 1956ರ ನವೆಂಬರ್ 1ರಂದೇ ಕಾಸರಗೋಡು ಕೇರಳಕ್ಕೆ ಹೋಯಿತು. ಒಂದೇ ಕಾಯ್ದೆ, ಒಂದೇ ದಿನ. ಕಾರವಾರದ ಕನ್ನಡಿಗರು ಮನೆಗೆ ಬಂದರು, ಕಾಸರಗೋಡಿನ ಕನ್ನಡಿಗರು ಹೊರಗೆ ಉಳಿದರು. ರಾಜ್ಯೋತ್ಸವದ ದಿನ ಹಲಗೆಯ ಮೇಲೆ ಮೊದಲ ಸಾಲನ್ನು ಮಾತ್ರ ಬರೆಯುತ್ತಿದ್ದೆ. ಈಗ ಎರಡನ್ನೂ ಬರೆಯುತ್ತೇನೆ.

ಡಿಸೆಂಬರ್ 19ರ ಪುಟದಲ್ಲಿ ‘ಬೇ’ ಎಂದು ಬರೆದು ಮತ್ತೆ ಅಳಿಸಿದೆ. 1927ರ ಆ ದಿನ ಕಾಕೋರಿ ಪ್ರಕರಣದ ರಾಮಪ್ರಸಾದ ಬಿಸ್ಮಿಲ್, ಅಶ್ಫಾಕ್ ಉಲ್ಲಾ ಖಾನ್ ಮತ್ತು ರೋಶನ್ ಸಿಂಗ್ ಅವರನ್ನು ಬೇರೆ ಬೇರೆ ಜೈಲುಗಳಲ್ಲಿ ಗಲ್ಲಿಗೇರಿಸಲಾಯಿತು. 1961ರ ಅದೇ ದಿನ ಗೋವೆ ಬಿಡುಗಡೆಯಾಯಿತು. ಬ್ರಿಟಿಷರು ಕೊಂದ ದಿನವೇ ಪೋರ್ಚುಗೀಸರು ಶರಣಾದರೆಂದು ಹೇಳಿದರೆ ಕೇಳಲು ಚೆಂದ, ಆದರೆ ಅಲ್ಲಿ ಆಯ್ಕೆ ಇರಲಿಲ್ಲ. ಶರಣಾಗತಿಯ ದಿನವನ್ನು ಯುದ್ಧದ ಗತಿ ನಿರ್ಧರಿಸಿತು. ಆ ಗತಿಯ ಹಿಂದಿನ ಕಾರಣಗಳು ಕಾರವಾರದ ಸಮುದ್ರದಲ್ಲಿಯೇ ಇದ್ದವು. ನಮ್ಮ ದಂಡೆಗೆ ಕಾಣುವ ಅಂಜುದೀವ್ ದ್ವೀಪದಲ್ಲಿ ಪೋರ್ಚುಗೀಸ್ ಕಾವಲು ಪಡೆಯಿತ್ತು. 1961ರ ನವೆಂಬರ್‌ನಲ್ಲಿ ಅವರು ಹತ್ತಿರದಲ್ಲಿ ಸಾಗುತ್ತಿದ್ದ ‘ಸಾಬರಮತಿ’ ಎಂಬ ಪ್ರಯಾಣಿಕ ಹಡಗಿನ ಮೇಲೂ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿಸಿದರು. ಡಿಸೆಂಬರ್ 18ರಂದು ‘ತ್ರಿಶೂಲ’ ನೌಕೆಯಿಂದ ದ್ವೀಪಕ್ಕೆ ಇಳಿದ ನೌಕಾಪಡೆಯವರಲ್ಲಿ ಏಳು ಮಂದಿ ಅಲ್ಲಿಯೇ ಪ್ರಾಣ ಕೊಟ್ಟರು. ಅವರನ್ನು ಸ್ಮರಿಸಲು ಕಾಕೋರಿಯ ಜೋಡಣೆ ಬೇಕಾಗಿಲ್ಲ ಎಂದು ತೋರಿ ಅಲ್ಲಿ ‘ಸು’ ಬರೆದೆ.

ಅಕ್ಟೋಬರ್ 2ರ ಪುಟವನ್ನು ಬೇಗ ಮಗುಚಿದೆ. ಗಾಂಧಿ ಮತ್ತು ಶಾಸ್ತ್ರಿಯವರ ಜಯಂತಿಯ ಕೆಳಗೆ ‘2009’ ಎಂದು ಬರೆದು ಮುಂದೆ ಏನನ್ನೂ ಬರೆದಿಲ್ಲ. ಆ ದಿನ ಸುರಿದ ಮಳೆಗೆ ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು ಮನೆಗಳ ಮೇಲೆ ಬಿತ್ತು, ಹಲವು ಜೀವಗಳು ಮಣ್ಣಿನಡಿ ಹೋದವು. ಆ ಊರಿನವರಿಗೆ ಜಯಂತಿಯ ರಜೆ ಬೇರೆ ಅರ್ಥದ ದಿನವಾಗಿ ಬಿಟ್ಟಿದೆ. ಅದಕ್ಕೆ ಯಾವ ಗುರುತನ್ನೂ ಹಾಕುವ ಮನಸ್ಸಾಗಲಿಲ್ಲ.

ಹೀಗೆ ಪುಟ ತಿರುವುತ್ತ ಹೋದಾಗ ‘ಬೇ’ ಎಂಬ ಗುರುತುಗಳು ಕಡಿಮೆ, ‘ಸು’ಗಳೇ ಹೆಚ್ಚು. ಅದರಲ್ಲಿ ಆಶ್ಚರ್ಯವಿಲ್ಲ, ದಿನಗಳು 366, ಘಟನೆಗಳು ಅಸಂಖ್ಯ. ಕಡಿಮೆ ಇರುವ ಆ ‘ಬೇ’ಗಳಲ್ಲಿ ನಮ್ಮ ತಾಲೂಕಿನದೊಂದು ಇದೆ ಎಂಬುದು ನನಗೆ ದೊಡ್ಡ ವಿಷಯ. ಆದರೂ ಪತ್ರಿಕೆಗಳ ‘ಇತಿಹಾಸದಲ್ಲಿ ಇಂದು’ ಅಂಕಣಗಳಲ್ಲಿ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್ ಇರುತ್ತದೆ, ಎಷ್ಟೋ ಸಲ ಅಪೊಲೊ ಕೂಡ ಇರುತ್ತದೆ, ಅಂಕೋಲೆ ಇರುವುದಿಲ್ಲ. ಅಮೃತಸರವನ್ನು ನೆನಪಿಟ್ಟುಕೊಂಡು ಆ ದಿನವನ್ನೇ ಆರಿಸಿಕೊಂಡವರನ್ನು ಆ ದಿನವೇ ಬಿಟ್ಟುಬಿಡುವುದು ನನಗೆ ನೋವಿನ ಸಂಗತಿ. ಇದರಲ್ಲಿ ನನ್ನ ತಪ್ಪೂ ಇದೆ. ನಮ್ಮ ಶಾಲೆಗಳಿಗೆ ಏಪ್ರಿಲ್ 10ರ ಸುಮಾರಿಗೆ ಬೇಸಿಗೆ ರಜೆ ಆರಂಭವಾಗುತ್ತದೆ. ಹದಿನೇಳು ವರ್ಷಗಳಲ್ಲಿ ಒಮ್ಮೆಯೂ ಏಪ್ರಿಲ್ 13ರಂದು ಹಲಗೆಯ ಮೇಲೆ ಬರೆಯಲು ಶಾಲೆ ತೆರೆದಿರಲಿಲ್ಲ, ಬೇರೆ ದಿನ ಬರೆಯಬಹುದೆಂದು ನನಗೆ ತೋರಿರಲಿಲ್ಲ.

ಆ ಹುಡುಗಿ ಪ್ರಶ್ನೆ ಕೇಳಿದ ವರ್ಷ, ರಜೆಗೆ ಮುಂಚಿನ ಕೊನೆಯ ದಿನ ಮಧ್ಯಾಹ್ನ, ಎಲ್ಲರೂ ಹೊರಟ ಮೇಲೆ ಅವಳನ್ನು ನಿಲ್ಲಿಸಿಕೊಂಡು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಸಿದೆ. ‘ಏಪ್ರಿಲ್ 13’ ಎಂದು ಮೇಲೆ ಬರೆದೆ. ‘1919: ಅಮೃತಸರ’ ಎಂಬ ಸಾಲನ್ನು ನಾನು ಬರೆದೆ, ‘1930: ಅಂಕೋಲೆ’ ಎಂಬ ಸಾಲನ್ನು ಅವಳು ಬರೆದಳು. ಎರಡರ ನಡುವೆ ಒಂದು ಗೆರೆ ಎಳೆಯಲೇ ಎಂದು ಕೇಳಿದಳು, ಎಳೆ ಎಂದೆ.

ಮೇ 29ರಂದು ಶಾಲೆಯ ಬೀಗ ತೆಗೆದಾಗ ಸೀಮೆಸುಣ್ಣ ಅಲ್ಲಲ್ಲಿ ಮಾಸಿದ್ದರೂ ಎರಡು ಸಾಲುಗಳೂ ಗೆರೆಯೂ ಹಾಗೆಯೇ ಇದ್ದವು. ಅವನ್ನು ಅಳಿಸಿ ಅಂದಿನ ವಿಶೇಷ ಬರೆದೆ: 1919ರಲ್ಲಿ ಐನ್‌ಸ್ಟೈನರ ಸಿದ್ಧಾಂತವನ್ನು ಪರೀಕ್ಷಿಸಿದ ಸೂರ್ಯಗ್ರಹಣ, 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದ್ದು. ಈಗ ಒಂಬತ್ತನೆಯ ತರಗತಿಗೆ ಬಂದಿದ್ದ ಅವಳು ಹೊಸ ಚೀಲ ಹೆಗಲಿಗೆ ಹಾಕಿಕೊಂಡೇ ನಿಂತು ಎರಡನ್ನೂ ಓದಿದಳು.

“ಅಕ್ಕೋರೆ, ಇದು ಸುಮ್ನೆ ಬಂದದ್ದು.”

ಹೌದು ಎಂದು ಹೇಳಿ ಅವಳನ್ನು ಪ್ರಾರ್ಥನೆಯ ಗಂಟೆ ಬಾರಿಸಲು ಕಳುಹಿಸಿದೆ.